ನಂದಿಸೀಮೆಯ ನೀರೂ ಜನಾರೋಗ್ಯವೂ

೧. ವಿಷಯೋಪಕ್ರಮ

ವೈದ್ಯನಾದವನು ತನ್ನ ಶಾಸ್ತ್ರವೊಂದನ್ನೇ ನೆಚ್ಚಿಕೊಂಡಿರದೆ ಬಹುಶ್ರುತನಾಗಿರಬೇಕೆಂಬ ಅಭಿಪ್ರಾಯವು ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಕಂಡುಬರುತ್ತದೆ. ಅನ್ಯಶಾಸ್ತ್ರಗಳ ವಿಷಯವು ಪ್ರಸಂಗವಶದಿಂದ ಒದಗಿದಾಗ ಆಯಾ ಶಾಸ್ತ್ರವನ್ನು ಬಲ್ಲವರನ್ನೇ ಕೇಳಿ ತಿಳಿಯತಕ್ಕದ್ದೆಂದೂ, ಎಲ್ಲವನ್ನೂ ಒಂದೇ ಶಾಸ್ತ್ರದಲ್ಲಿ ಅಡಕಮಾಡುವುದು ಸಾಧ್ಯವಲ್ಲವೆಂದೂ ಆ ಗ್ರಂಥಕಾರನ ಆಶಯ. ಇನ್ನು ಚರಕಸಂಹಿತೆಯಲ್ಲಿ ಚಿಕಿತ್ಸೆಗೆ ಭಿಷಕ್, ದ್ರವ್ಯ, ಉಪಸ್ಥಾತೃ, ರೋಗಿ ಎಂಬ ನಾಲ್ಕು ಪಾದಗಳನ್ನು ಎಣಿಸಿದೆ. ಇಲ್ಲಿ ರೋಗಿಯೂ ಒಂದು ಪಾದವೆಂಬುದು ಗಮನಾರ್ಹವಾದುದು. ಚಿಕಿತ್ಸೆಯನ್ನು ಪಡೆಯುವವನು ಕೇವಲ ವಿಷಯವಲ್ಲ, ಕಾರ್ಯದಲ್ಲಿ ಭಾಗಿ ಎಂಬುದು ಇದರ ತಾತ್ಪರ್ಯ.

ಅದೇ ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಜನಪದೋದ್ಧ್ವಂಸನವನ್ನು ಕುರಿತ ಅಧ್ಯಾಯವೊಂದುಂಟು. ಪ್ರಕೃತಿ, ಆಹಾರ, ಬಲ, ವಯಸ್ಸು ಇವುಗಳಲ್ಲಿ ಪರಸ್ಪರ ಭಿನ್ನರಾದ ಜನರು ಏಕಕಾಲದಲ್ಲಿ ಒಂದೇ ವ್ಯಾಧಿಗೆ ತುತ್ತಾಗುವುದು ಹೇಗೆಂಬುದು ಅಲ್ಲಿ ಅಗ್ನಿವೇಶನ ಪ್ರಶ್ನೆ. ಎಲ್ಲರಿಗೂ ಸಾಧಾರಣವಾದ ವಾಯು, ಉದಕ, ದೇಶ, ಕಾಲ ಈ ನಾಲ್ಕು ಕೆಟ್ಟಲ್ಲಿ ಹೀಗಾಗುವುದೆಂದು ಆತ್ರೇಯನ ಉತ್ತರ. ಒಬ್ಬ ರೋಗಿಯ ಶಯ್ಯೆಯಿಂದ ಇಡೀ ಊರಿನ ಕಡೆಗೆ ದೃಷ್ಟಿಯನ್ನು ತಿರುಗಿಸಿದ ಪ್ರಕರಣವಿದು. ಉದಕವು ಕೆಟ್ಟಿದೆಯೆಂದು ತಿಳಿಯುವುದಕ್ಕೆ ವಿಕೃತವಾದ ಬಣ್ಣ, ವಾಸನೆ, ರುಚಿ, ಸ್ಪರ್ಶ, ಜಲಚರ ಪಕ್ಷಿಗಳು ಬಿಟ್ಟುಹೋಗಿರುವುದು ಮುಂತಾದ ಲಕ್ಷಣಗಳನ್ನು ಅಲ್ಲಿ ಕೊಟ್ಟಿದೆ. ಈ ಲಕ್ಷಣಗಳೆಲ್ಲವೂ ಇಂದ್ರಿಯಗೋಚರವಾದುವು. ಮುಂದೆ ಬರುವ ವಿಚಾರಕ್ಕೆ ಈ ಮಾತು ಮುಖ್ಯವಾದುದು.

ಕನ್ನಡದಲ್ಲಿ ಶಾಸ್ತ್ರಗಳನ್ನು ಒಂದೆಡೆ ಕೂಡಿಸಿದ ಗ್ರಂಥವೆಂದರೆ ಎರಡನೆಯ ಚಾವುಂಡರಾಯನ ಲೋಕೋಪಕಾರ. ಪಶ್ಚಿಮ ಚಾಲುಕ್ಯ ಜಯಸಿಂಹನ ಆಳ್ವಿಕೆಯಲ್ಲಿ, ಕ್ರಿ. ಶ. ೧೦೨೫ರ ಸುಮಾರಿಗೆ ರಚಿತವಾದ ಈ ಕೃತಿಯಲ್ಲಿ ಜ್ಯೌತಿಷ, ವಾಸ್ತು, ನೆಲದೊಳಗಿನ ನೀರನ್ನು ಗುರುತಿಸುವ ಉದಕಾರ್ಗಳ, ವೃಕ್ಷಾಯುರ್ವೇದ, ಸೂಪಶಾಸ್ತ್ರ, ನರವೈದ್ಯ, ವಿಷವೈದ್ಯ, ಗೋವೈದ್ಯ ಇವು ಒಂದೇ ಹೊದಿಕೆಯಲ್ಲಿವೆ. ಗೃಹಸ್ಥನೊಬ್ಬನ ಕ್ಷೇಮಕ್ಕೆ ಬಾವಿ, ಅಡಿಗೆಮನೆ, ಔಷಧ ಮೂರೂ ಸಂಬಂಧಪಟ್ಟಿವೆಯೆಂಬ ತಿಳಿವಳಿಕೆಯಿಂದಲೇ ಈ ಜೋಡಣೆಯು ಹುಟ್ಟಿರಬೇಕು.

ಈ ತಿಳಿವಳಿಕೆಯು ಗ್ರಂಥದಲ್ಲಿ ಎಷ್ಟರಮಟ್ಟಿಗೆ ಉಳಿಯಿತು, ನೆಲದ ಮೇಲೆ ಎಷ್ಟರಮಟ್ಟಿಗೆ ನಡೆಯಿತು ಎಂಬುದನ್ನು ನಿರ್ಣಯಿಸಲು ಒಂದು ಸೀಮೆಯನ್ನು ಆರಿಸಿಕೊಂಡು ಪರೀಕ್ಷಿಸುವುದು ಯುಕ್ತ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ತಾಲ್ಲೂಕುಗಳು ಇದಕ್ಕೆ ತಕ್ಕ ಕ್ಷೇತ್ರ. ಇವು ೨೦೦೭ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದು, ಆ ವರ್ಷ ಚಿಕ್ಕಬಳ್ಳಾಪುರವು ಪ್ರತ್ಯೇಕ ಜಿಲ್ಲೆಯಾದಾಗ ಅದರ ಅಂಗಗಳಾದುವು. ಇಲ್ಲಿಯ ಜನಾರೋಗ್ಯದ ಚರಿತ್ರೆಯು ಬಹುಮಟ್ಟಿಗೆ ಇಲ್ಲಿಯ ನೀರಿನ ಚರಿತ್ರೆಯೇ ಆಗಿದೆ.

೨. ನದಿಗಳ ತವರು, ಕೆರೆಗಳ ನಾಡು

ನಂದಿದುರ್ಗವೂ ಅದರ ನೆರೆಯ ಬೆಟ್ಟಗಳೂ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಚಿತ್ರಾವತಿ, ಅರ್ಕಾವತಿ ಮೊದಲಾದ ನದಿಗಳಿಗೆ ಜನ್ಮಸ್ಥಾನ. ಆದರೆ ಇಷ್ಟು ನದಿಗಳ ತವರಾದ ಈ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಮಳೆಗಾಲದಲ್ಲಿ ಬಂದ ನೀರು ತಮಿಳುನಾಡಿಗೂ ಆಂಧ್ರಕ್ಕೂ ಇಳಿದುಹೋಗುವುದು. ನೆಲವು ಬೆಣಚುಕಲ್ಲಿನದು. ನೀರು ನಿಲ್ಲುವುದು ಮೇಲಣ ಶಿಥಿಲವಾದ ಪದರದಲ್ಲಿ, ಅದರ ಕೆಳಗೆ ಬಂಡೆಯ ಬಿರುಕುಗಳಲ್ಲಿ ಮಾತ್ರ.

ಆದುದರಿಂದಲೇ ಪೂರ್ವಿಕರು ಇಲ್ಲಿ ಕೆರೆಗಳನ್ನು ನೆಚ್ಚಿದರು. ಬಿ. ಎಲ್. ರೈಸರು ೧೯೦೫ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟವು ಕೋಲಾರ ಜಿಲ್ಲೆಯ ಶಾಸನಗಳದು. ಈ ಭಾಗದ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದ ಎಂಬ ಪದಗಳು ಮತ್ತೆ ಮತ್ತೆ ಕಾಣುವುವು. ಕೆರೆಯನ್ನು ಕಟ್ಟಿದವನಿಗೂ ಅದನ್ನು ಕಾಪಾಡುವವನಿಗೂ ಭೂಮಿಯನ್ನೋ ಫಲದ ಅಂಶವನ್ನೋ ಬಿಟ್ಟುಕೊಡುವ ಕ್ರಮಗಳಿವು. ಕಟ್ಟುವುದಕ್ಕಷ್ಟೇ ಅಲ್ಲದೆ ಉಳಿಸಿಕೊಳ್ಳುವುದಕ್ಕೂ ವೃತ್ತಿಯನ್ನು ಏರ್ಪಡಿಸಿದ್ದರೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇದೇ ಉತ್ತರ ಪಿನಾಕಿನಿಯು ಪೆನ್ನೆಯೆಂಬ ಹೆಸರಿನಿಂದ ಹರಿಯುವ ಕಡಪ ಸೀಮೆಯಲ್ಲಿ ಪೋರುಮಾಮಿಳ್ಳ ಎಂಬ ಊರಿದೆ. ವಿಜಯನಗರದ ಮೊದಲನೆಯ ಬುಕ್ಕನ ಮಗನಾದ ಭಾಸ್ಕರ ಭವದೂರನು ಕಟ್ಟಿಸಿದ ಕೆರೆಯನ್ನು ಕುರಿತ ಕ್ರಿ. ಶ. ೧೩೬೯ರ ಸಂಸ್ಕೃತ ಶಾಸನವೊಂದು ಅಲ್ಲಿ ದೊರೆತಿದೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಆ ಶಾಸನವು ಎಣಿಸುತ್ತದೆ. ಅಂಗಗಳಲ್ಲಿ ಧರ್ಮಿಷ್ಠನಾದ ದೊರೆಯೊಡನೆ ಜಲಶಾಸ್ತ್ರವನ್ನು ಬಲ್ಲ ಬ್ರಾಹ್ಮಣನೂ, ಸಿಹಿನೀರಿನ ನದಿಯೂ, ಕಟ್ಟೆಯ ಕೆಲಸದಲ್ಲಿ ನಿಪುಣರಾದ ಕೂಲಿಗಳ ಗುಂಪೂ ಸೇರಿವೆ. ದೋಷಗಳಲ್ಲಿ ಚೌಳುನೆಲವೂ ಒಂದು. ವಿದ್ವಾಂಸನನ್ನೂ ಮಣ್ಣು ಹೊರುವವನನ್ನೂ ಒಂದೇ ಪಟ್ಟಿಯಲ್ಲಿ ಇರಿಸಿದುದು, ನೀರಿನ ಪರಿಮಾಣದೊಡನೆ ನೆಲದ ಗುಣವನ್ನೂ ಮೊದಲೇ ನೋಡತಕ್ಕದ್ದೆಂದು ವಿಧಿಸಿದುದು, ಇವೆರಡೂ ಈ ಶಾಸನದ ವಿಶೇಷಗಳು.

ಇಷ್ಟರಿಂದ ಪೂರ್ವಕಾಲದಲ್ಲಿ ಜನರು ನಿರೋಗಿಗಳಾಗಿದ್ದರೆಂದು ಸಾಧಿಸಲಾಗದು. ಕೆರೆಯ ನೀರನ್ನೇ ದನಗಳೂ ಜನರೂ ಬಳಸುತ್ತಿದ್ದಲ್ಲಿ ವಾಂತಿಭೇದಿಯು ಊರೂರನ್ನೇ ಬರಿದುಮಾಡುತ್ತಿತ್ತು. ಮೆಟ್ಟಿಲುಬಾವಿಗಳಲ್ಲಿ ಇಳಿದು ನೀರು ತುಂಬುವ ಪದ್ಧತಿಯಿಂದ ಕರ್ಣಾಟಕದ ಅನೇಕ ಕಡೆಗಳಲ್ಲಿ ನಾರುಹುಣ್ಣು ಹರಡುತ್ತಿತ್ತು. ಭಾರತದಲ್ಲಿ ನಾರುಹುಣ್ಣಿನ ಕಡೆಯ ರೋಗಿಯು ಕಂಡುಬಂದುದು ೧೯೯೬ರಲ್ಲಿ. ಮುಂದಿನ ಪ್ರಮಾದವು ಹೇಗೆ ಸದ್ಬುದ್ಧಿಯಿಂದಲೇ ಹುಟ್ಟಿತೆಂಬುದನ್ನು ತಿಳಿಯಲು ಈ ಸಂಗತಿಯನ್ನು ನೆನಪಿನಲ್ಲಿಡಬೇಕು.

೩. ಸಂಸ್ಥಾನದ ಕಾಲ

ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯು ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಜನ್ಮಸ್ಥಳವೆಂಬುದು ಸರ್ವವಿದಿತ. ಅವರ ಹೆಸರು ಕನ್ನಂಬಾಡಿಯ ಕಟ್ಟೆಯೊಡನೆ ಸೇರಿಹೋಗಿದೆ. ಆದರೆ ಅವರ ಪೂರ್ವಾರ್ಧದ ಉದ್ಯೋಗದಲ್ಲಿ ಬಹುಭಾಗವು ಊರುಗಳ ಕುಡಿಯುವ ನೀರಿಗೂ ಚರಂಡಿಗಳಿಗೂ ಸಂಬಂಧಿಸಿದುದೆಂಬುದು ಅಷ್ಟಾಗಿ ಪ್ರಸಿದ್ಧವಾಗಿಲ್ಲ. ಸಿಂಧ್ ಪ್ರಾಂತದ ಸಕ್ಕರ್ ನಗರಕ್ಕೆ ೧೮೯೫ರಲ್ಲಿ ನೀರನ್ನು ಒದಗಿಸಿದಾಗ, ಕೆಸರಾದ ಸಿಂಧೂನದಿಯ ನೀರನ್ನು ನದೀಪಾತ್ರದ ಮರಳಿನೊಳಗೇ ತೋಡಿದ ಬಾವಿಗಳ ಮೂಲಕ ಸೋಸಿಕೊಳ್ಳುವ ಉಪಾಯವನ್ನು ಅವರು ಮಾಡಿದರು. ಮುಂದೆ ಮುಂಬಯಿ ಸರ್ಕಾರದ ಸ್ಯಾನಿಟರಿ ಎಂಜಿನಿಯರಾದರು. ೧೯೦೬ರಲ್ಲಿ ಏಡನ್ನಿನ ನೀರು ಮತ್ತು ಚರಂಡಿಗಳ ವಿಷಯದಲ್ಲಿ ಸಲಹೆಯನ್ನಿತ್ತರು. ೧೯೦೮ರ ಮೂಸಿ ಪ್ರವಾಹದ ಅನಂತರ ಹೈದರಾಬಾದಿನ ಚರಂಡಿಗಳ ಯೋಜನೆಯನ್ನು ಸಿದ್ಧಪಡಿಸಿದರು. ವೈದ್ಯರು ರೋಗವನ್ನು ಹೆಸರಿಸಿದಲ್ಲಿ ಅದರ ಮಾರ್ಗವನ್ನು ಮುಚ್ಚುವುದು ಎಂಜಿನಿಯರನ ಕೆಲಸವೆಂಬ ವಿವೇಕವು ಈ ಸೀಮೆಯ ಮಗನೊಬ್ಬನಲ್ಲಿ ಹೀಗೆ ಮೂರ್ತಿವೆತ್ತಿತ್ತು.

೨೦ನೆಯ ಶತಮಾನದ ಎರಡನೆಯ ದಶಕದಲ್ಲಿ ಲಂಡನ್ ಮಿಷನ್ ಸಂಸ್ಥೆಯವರು ಚಿಕ್ಕಬಳ್ಳಾಪುರದಲ್ಲಿ ವಾರ್ಡ್‌ಲಾ ಥಾಂಪ್ಸನ್ ಸ್ಮಾರಕ ಆಸ್ಪತ್ರೆಯನ್ನು ಸ್ಥಾಪಿಸಿದರು. ಮುಂದೆ ಅದು ಸಿ. ಎಸ್. ಐ. ಆಸ್ಪತ್ರೆಯೆಂದು ಹೆಸರಾಯಿತು. ಆಸ್ಪತ್ರೆಯು ಬಂದವರಿಗೆ ಚಿಕಿತ್ಸೆ ಮಾಡಬಲ್ಲುದು. ಬರುವವರ ಊರಿನ ಬಾವಿಯನ್ನು ತಿದ್ದುವುದು ಅದರ ಕೈಯಲ್ಲಿಲ್ಲ. ಈ ಕೊರತೆಯನ್ನು ಮೈಸೂರು ಸರ್ಕಾರವು ಮನಗಂಡು ೧೯೨೦ರ ದಶಕದ ಕೊನೆಯಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಸಾರ್ವಜನಿಕ ಆರೋಗ್ಯದ ಕಾರ್ಯವನ್ನು ಹೊಸ ಕ್ರಮದಲ್ಲಿ ಆರಂಭಿಸಿತು. ಕಾವೇರಿಯ ಕಾಲುವೆಯು ಬಂದ ಮೇಲೆ ಮಂಡ್ಯ ಸೀಮೆಯಲ್ಲಿ ಮಲೇರಿಯವು ಹೆಚ್ಚಿದಾಗ, ಕಾಲುವೆಯನ್ನು ತೋಡುವವನು ಸೊಳ್ಳೆಯ ಶಾಸ್ತ್ರವನ್ನು ಬಲ್ಲವನನ್ನೂ ವಿಚಾರಿಸಬೇಕೆಂಬ ಪಾಠವನ್ನು ಸಂಸ್ಥಾನವು ಕಷ್ಟದಿಂದಲೇ ಕಲಿಯಿತು.

೪. ನೆರೆಯ ತುಮಕೂರಿನ ನಿದರ್ಶನ

ಸ್ವಾತಂತ್ರ್ಯಾನಂತರ ಈ ಪಾಠವು ಫಲಿಸಿದ ಒಂದು ಸಂದರ್ಭವೂ, ಮರೆತುಹೋದ ಒಂದು ಸಂದರ್ಭವೂ ಹೆಚ್ಚುಕಡಮೆ ಒಂದೇ ತಲೆಮಾರಿನಲ್ಲಿ, ಒಂದರ ನೆರೆಯಲ್ಲಿ ಒಂದು ನಡೆದುವು. ಇವೆರಡನ್ನು ಅಕ್ಕಪಕ್ಕದಲ್ಲಿಟ್ಟು ನೋಡುವುದು ಉಪಯುಕ್ತ.

ಫಲಿಸಿದ ಸಂದರ್ಭವು ಕ್ಷಯರೋಗಕ್ಕೆ ಸಂಬಂಧಿಸಿದುದು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯೂನಿಸೆಫ್‌ಗಳ ನೆರವಿನಿಂದ ೧೯೫೯ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಸ್ಥಾಪಿತವಾಯಿತು. ಅಲ್ಲಿ ವೈದ್ಯರೊಡನೆ ಸೂಕ್ಷ್ಮಾಣುಶಾಸ್ತ್ರಜ್ಞರು, ಸಂಖ್ಯಾಶಾಸ್ತ್ರಜ್ಞರು, ಕ್ಷಕಿರಣದವರು, ಸಮಾಜಶಾಸ್ತ್ರಜ್ಞರು ಮೊದಲಿನಿಂದಲೇ ಒಟ್ಟಾಗಿ ಕುಳಿತರು. ಹಳ್ಳಿಯ ಜನರು ಅಜ್ಞಾನದಿಂದ ರೋಗವನ್ನು ಲಕ್ಷಿಸುವುದಿಲ್ಲ, ಆದುದರಿಂದ ಕ್ಷಕಿರಣದ ವಾಹನಗಳು ಮನೆಮನೆಗೆ ಹೋಗಿ ರೋಗಿಗಳನ್ನು ಹುಡುಕಬೇಕು ಎಂಬ ಅಭಿಪ್ರಾಯವು ಆಗ ಪ್ರಬಲವಾಗಿತ್ತು. ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬುವರು ಗೌರಿಬಿದನೂರಿಗೆ ಹೊಂದಿಕೊಂಡ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯರೋಗಿಗಳನ್ನು ಕಂಡು ಮಾತನಾಡಿಸಿ, ೧೯೬೩ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಆ ಫಲಿತಾಂಶವು ಮೇಲಣ ಅಭಿಪ್ರಾಯಕ್ಕೆ ವಿರುದ್ಧವಾಗಿತ್ತು. ರೋಗಿಗಳಲ್ಲಿ ಬಹುಮಂದಿಗೆ ತಮ್ಮ ಕೆಮ್ಮು ಜ್ವರಗಳ ಅರಿವು ಚೆನ್ನಾಗಿಯೇ ಇತ್ತು. ಅರ್ಧದಷ್ಟು ಜನ ಆಗಲೇ ಹತ್ತಿರದ ಸರ್ಕಾರಿ ಔಷಧಾಲಯಕ್ಕೆ ಹೋಗಿದ್ದರು. ಅಲ್ಲಿ ಅವರಿಗೆ ದೊರೆತುದು ಒಂದು ಸೀಸೆ ಕೆಮ್ಮಿನ ಔಷಧ ಮಾತ್ರ.

ಈ ಒಂದು ಸಂಗತಿಯಿಂದ ರೋಗಿಯ ಅಜ್ಞಾನವೆಂದು ಎಣಿಸಿದ್ದುದು ಔಷಧಾಲಯದ ಅಸಾಮರ್ಥ್ಯವೆಂದು ತಿಳಿದುಬಂದಿತು. ಕೆಮ್ಮೆಂದು ತಾನಾಗಿ ಬಂದವನ ಕಫವನ್ನು ಹತ್ತಿರದ ಔಷಧಾಲಯದಲ್ಲಿಯೇ ಸೂಕ್ಷ್ಮದರ್ಶಕದಿಂದ ಪರೀಕ್ಷಿಸುವ ವ್ಯವಸ್ಥೆಯು ೧೯೬೨ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮದ ತಿರುಳಾಯಿತು. ವೈದ್ಯನು ಕೇಳದಿದ್ದ ಪ್ರಶ್ನೆಯನ್ನು ಸಮಾಜಶಾಸ್ತ್ರಜ್ಞನು ಕೇಳಿದನು. ಉತ್ತರವನ್ನು ಕೊಟ್ಟವನು ರೋಗಿಯು. ಚರಕನು ಹೇಳಿದ ನಾಲ್ಕನೆಯ ಪಾದಕ್ಕೆ ಇದಕ್ಕಿಂತ ಒಳ್ಳೆಯ ಆಧುನಿಕ ನಿದರ್ಶನವು ಸುಲಭವಾಗಿ ದೊರೆಯಲಾರದು.

೫. ಕೊಳವೆಬಾವಿಯ ಪ್ರವೇಶ

ಇನ್ನು ಮರೆತುಹೋದ ಸಂದರ್ಭ. ೧೯೬೬-೬೭ರ ಬಿಹಾರದ ಕ್ಷಾಮದ ಸಮಯದಲ್ಲಿ ಗಟ್ಟಿಬಂಡೆಯನ್ನು ಕೊರೆಯಬಲ್ಲ ಯಂತ್ರಗಳನ್ನು ಯೂನಿಸೆಫ್ ಸಂಸ್ಥೆಯು ಭಾರತಕ್ಕೆ ತಂದಿತು. ೧೯೭೦ರ ದಶಕದ ಕೊನೆಯಲ್ಲಿ ಇಂಡಿಯಾ ಮಾರ್ಕ್ ೨ ಎಂಬ ಕೈಪಂಪು ಸಿದ್ಧವಾಯಿತು. ೧೯೮೧ರಿಂದ ೧೯೯೦ರವರೆಗಿನ ಕಾಲವನ್ನು ವಿಶ್ವಸಂಸ್ಥೆಯು ಕುಡಿಯುವ ನೀರಿನ ದಶಕವೆಂದು ಆಚರಿಸಿತು. ದಖ್ಖನಿನ ಬಂಡೆಯ ನಾಡುಗಳಿಗೆಲ್ಲ ಕೊಳವೆಬಾವಿಯು ಹರಡಿದಂತೆ ಕೋಲಾರ ಜಿಲ್ಲೆಗೂ ಹರಡಿತು.

ಈ ಕಾರ್ಯದ ಉದ್ದೇಶವು ನಿರ್ದುಷ್ಟವಾದುದು. ತೆರೆದ ಬಾವಿ ಕೆರೆಗಳ ನೀರಿನಲ್ಲಿ ರೋಗಾಣುಗಳಿರುವುವು. ಆಳದ ನೀರು ಬಂಡೆಯಲ್ಲಿ ಸೋಸಿ ಬಂದುದಾದ್ದರಿಂದ ಶುದ್ಧವಾಗಿರುವುದು. ಆದಕಾರಣ ಆಳದ ನೀರನ್ನು ಕೊಡತಕ್ಕದ್ದು. ರೋಗಾಣುವನ್ನು ದೃಷ್ಟಿಯಲ್ಲಿಟ್ಟು ನೋಡಿದರೆ ಈ ತರ್ಕದಲ್ಲಿ ತಪ್ಪಿಲ್ಲ. ವಾಂತಿಭೇದಿಯೇ ಮುಂತಾದ ರೋಗಗಳಿಂದ ಎಷ್ಟೋ ಜೀವಗಳು ಇದರಿಂದ ಉಳಿದುವೆಂಬುದನ್ನು ಅಲ್ಲಗಳೆಯುವುದು ಕೃತಘ್ನತೆ. ಆದರೆ ಈ ತರ್ಕವನ್ನು ಹೂಡಿದವರು ವೈದ್ಯರೂ ಎಂಜಿನಿಯರರೂ ಇಬ್ಬರೇ. ಬೆಣಚುಕಲ್ಲಿನಲ್ಲಿ ಯಾವ ಖನಿಜಗಳಿವೆ, ಅವುಗಳೊಡನೆ ನೀರು ಎಷ್ಟು ಕಾಲ ಸಂಪರ್ಕದಲ್ಲಿರುತ್ತದೆ, ಅದರಿಂದ ಏನು ಕರಗಿ ಬರುತ್ತದೆ ಎಂಬ ಪ್ರಶ್ನೆಗಳು ಭೂಶಾಸ್ತ್ರಕ್ಕೂ ರಸಾಯನಶಾಸ್ತ್ರಕ್ಕೂ ಸೇರಿದವು. ಬಾವಿಗಳನ್ನು ಕೊರೆಯುವ ಭರದಲ್ಲಿ ಆ ಇಬ್ಬರಿಗೂ ತಕ್ಕ ಸ್ಥಾನವು ದೊರೆಯಲಿಲ್ಲ.

ಬೆಣಚುಕಲ್ಲಿನ ಅಭ್ರಕ, ಹಾರ್ನ್‌ಬ್ಲೆಂಡ್, ಅಪಟೈಟ್, ಫ್ಲೋರೈಟ್ ಮುಂತಾದ ಖನಿಜಗಳಲ್ಲಿ ಫ್ಲೋರೈಡ್ ಅಂಶವುಂಟು. ನೀರು ಕ್ಷಾರಗುಣವುಳ್ಳದ್ದಾಗಿ, ಸುಣ್ಣದ ಅಂಶ ಕಡಮೆಯಾಗಿ, ಬಂಡೆಯ ಬಿರುಕಿನಲ್ಲಿ ದೀರ್ಘಕಾಲ ನಿಂತಿದ್ದರೆ ಈ ಅಂಶವು ಹೆಚ್ಚಾಗಿ ಕರಗುವುದು. ಮಳೆಯು ಬೇಗನೆ ತುಂಬುವ ಮೇಲ್ಪದರದ ಬಾವಿಗಿಂತ ಆಳದ ಹಳೆಯ ನೀರಿನಲ್ಲಿ ಈ ದೋಷಕ್ಕೆ ಅವಕಾಶ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ ೧ ಮಿಲಿಗ್ರಾಮನ್ನು ಮೀರದಿರುವುದು ಲೇಸೆಂದೂ, ಬೇರೆ ನೀರು ದೊರೆಯದಲ್ಲಿ ೧.೫ ಮಿಲಿಗ್ರಾಮಿನವರೆಗೆ ಸಹ್ಯವೆಂದೂ ಭಾರತೀಯ ಮಾನಕವು ವಿಧಿಸಿದೆ. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳಲ್ಲಿಯೂ ನೆರೆಯ ಬಾಗೇಪಲ್ಲಿ, ಗುಡಿಬಂಡೆಗಳಲ್ಲಿಯೂ ಅನೇಕ ಹಳ್ಳಿಗಳ ನೀರು ಈ ಮಿತಿಯನ್ನು ಮೀರಿದೆ.

ಬೇಸಾಯವು ಈ ಸ್ಥಿತಿಯನ್ನು ಇನ್ನಷ್ಟು ಬಿಗಡಾಯಿಸಿತು. ಹಿಪ್ಪುನೇರಳೆ, ದ್ರಾಕ್ಷಿ, ತರಕಾರಿಗಳಿಗಾಗಿ ಸಾವಿರಾರು ಕೊಳವೆಬಾವಿಗಳು ಬಂದುವು. ಕಪಿಲೆ ಏತಗಳ ಬಾವಿಗಳು ಬತ್ತಿದುವು. ಕೆರೆಗಳು ಹೂಳು ತುಂಬಿದುವು. ಮೊದಲು ಕೆಲವು ನೂರು ಅಡಿಗಳಿಗೆ ಸಿಕ್ಕುತ್ತಿದ್ದ ನೀರು ಸಾವಿರ ಅಡಿಗೂ ಕೆಳಗೆ ಹೋಯಿತು. ಈ ನಾಲ್ಕೂ ತಾಲ್ಲೂಕುಗಳನ್ನು ಅಂತರ್ಜಲವನ್ನು ಮಿತಿಮೀರಿ ಬಳಸಿದ ಪ್ರದೇಶಗಳೆಂದು ಕೇಂದ್ರ ಅಂತರ್ಜಲ ಮಂಡಲಿಯು ವರ್ಗೀಕರಿಸಿದೆ. ಆಳಕ್ಕೆ ಹೋದಷ್ಟೂ ನೀರಿಗೆ ಬಂಡೆಯ ಸಹವಾಸ ಹೆಚ್ಚಿತು. ೨೦೨೦ರ ದಶಕದ ಮೊದಲಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಭೂವಿಜ್ಞಾನಿಗಳು ಆಗ್ನೇಯ ಕರ್ಣಾಟಕದ ಅಂತರ್ಜಲದಲ್ಲಿ ಯುರೇನಿಯಮ್ ಅಂಶವನ್ನೂ ಅಪಾಯದ ಪ್ರಮಾಣದಲ್ಲಿ ಕಂಡರು.

೬. ಹಲ್ಲಿನ ಸಾಕ್ಷ್ಯ

ಚರಕಸಂಹಿತೆಯು ಕೊಟ್ಟ ದುಷ್ಟೋದಕದ ಲಕ್ಷಣಗಳೆಲ್ಲ ಇಂದ್ರಿಯಗೋಚರವಾದುವೆಂದು ಮೊದಲೇ ಹೇಳಿದೆ. ಫ್ಲೋರೈಡ್ ಕೂಡಿದ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಲ್ಲಿ ವಿಕಾರವಿಲ್ಲ. ಪಕ್ಷಿಗಳು ಅದನ್ನು ಬಿಡುವುದಿಲ್ಲ. ಕಾಯಿಸಿದರೆ ದೋಷವು ಹೋಗುವುದಿಲ್ಲ. ಸಂಹಿತೆಯನ್ನು ಆಮೂಲಾಗ್ರ ಓದಿದ ವೈದ್ಯನೂ ಇಲ್ಲಿ ನಿರುಪಾಯನು. ಅನ್ಯಶಾಸ್ತ್ರವನ್ನು ಅದನ್ನು ಬಲ್ಲವರಿಂದಲೇ ಕೇಳಬೇಕೆಂಬ ಸುಶ್ರುತನ ವಿಧಿಗೆ ಎಷ್ಟು ಅರ್ಥವಿದೆಯೆಂಬುದು ಇಂತಹ ಸ್ಥಳದಲ್ಲಿ ವ್ಯಕ್ತವಾಗುತ್ತದೆ.

ಈ ದೋಷವನ್ನು ಪತ್ತೆಮಾಡಿದ ಕಥೆಯೂ ಶಾಸ್ತ್ರಗಳ ಮಿಲನದ ಕಥೆಯೇ. ಅಮೆರಿಕೆಯ ಕೊಲರಾಡೊ ಸ್ಪ್ರಿಂಗ್ಸ್ ಎಂಬ ಊರಿಗೆ ೧೯೦೧ರಲ್ಲಿ ಬಂದ ಫ್ರೆಡರಿಕ್ ಮೆಕೇ ಎಂಬ ದಂತವೈದ್ಯನು ಅಲ್ಲಿಯೇ ಹುಟ್ಟಿ ಬೆಳೆದವರ ಹಲ್ಲುಗಳಲ್ಲಿ ಕಂದುಬಣ್ಣದ ಕಲೆಗಳನ್ನು ಕಂಡನು. ಕಾರಣವು ನೀರಿನಲ್ಲಿದೆಯೆಂಬ ಊಹೆಯು ಅವನಿಗೆ ಬಂದರೂ, ಸಾಧಾರಣವಾದ ರಾಸಾಯನಿಕ ಪರೀಕ್ಷೆಗಳಲ್ಲಿ ಏನೂ ಹೊರಬೀಳಲಿಲ್ಲ. ಮೂವತ್ತು ವರ್ಷಗಳು ಹೀಗೆಯೇ ಕಳೆದುವು. ೧೯೩೧ರಲ್ಲಿ ಎಚ್. ವಿ. ಚರ್ಚಿಲ್ ಎಂಬ ರಸಾಯನಶಾಸ್ತ್ರಜ್ಞನು ಅಲ್ಯೂಮಿನಿಯಮ್ ಕಂಪೆನಿಯೊಂದರ ಪ್ರಯೋಗಶಾಲೆಯಲ್ಲಿ ಬೇರೊಂದು ಊರಿನ ನೀರನ್ನು ಸೂಕ್ಷ್ಮವಾಗಿ ಪರೀಕ್ಷಿಸಿ ಫ್ಲೋರೈಡನ್ನು ಕಂಡನು. ದಂತವೈದ್ಯನ ಮೂವತ್ತು ವರ್ಷಗಳ ಸಂಶಯವು ರಸಾಯನಶಾಸ್ತ್ರಜ್ಞನ ಒಂದು ಪರೀಕ್ಷೆಯಿಂದ ನಿಶ್ಚಯವಾಯಿತು.

ಭಾರತದಲ್ಲಿ ಇದರ ಪತ್ತೆಯು ತಡವಾಗಲಿಲ್ಲ. ನಂದಿಯಲ್ಲಿ ಹುಟ್ಟಿದ ಪಿನಾಕಿನಿಯು ಸಮುದ್ರವನ್ನು ಸೇರುವ ನೆಲ್ಲೂರು ಸೀಮೆಯಲ್ಲಿಯೇ, ಎಚ್. ಇ. ಷಾರ್ಟ್ ಎಂಬವರು ತಮ್ಮ ಸಂಗಡಿಗರಾದ ಮೆಕ್‌ರಾಬರ್ಟ್, ಬರ್ನಾರ್ಡ್, ನಾಯರ್ ಇವರೊಡನೆ ಈ ವ್ಯಾಧಿಯನ್ನು ಪರೀಕ್ಷಿಸಿ ೧೯೩೭ರಲ್ಲಿ ಮದರಾಸು ಪ್ರಾಂತದ ಫ್ಲೋರೋಸಿಸನ್ನು ಕುರಿತು ಬರೆದರು. ಕಲೆಯಾದ ಹಲ್ಲುಗಳಷ್ಟೇ ಅಲ್ಲದೆ ಬೆನ್ನುಮೂಳೆಯು ಬಿಗಿದು ಬಾಗಲಾರದಂತಾದ ರೋಗಿಗಳನ್ನು ಅವರು ವರ್ಣಿಸಿದರು. ಕೊಳವೆಬಾವಿಗಳು ಹರಡುವುದಕ್ಕೆ ಮೂವತ್ತು ವರ್ಷಗಳ ಮುಂಚೆಯೇ, ಮುನ್ನೂರು ಮೈಲಿಯೊಳಗೇ, ಈ ಜ್ಞಾನವು ಅಚ್ಚಾಗಿತ್ತೆಂಬುದು ಚರಿತ್ರಕಾರನು ಮರೆಯಬಾರದ ಸಂಗತಿ. ಜ್ಞಾನದ ಅಭಾವಕ್ಕಿಂತ ಒಂದು ಕೋಣೆಯ ಜ್ಞಾನವು ಇನ್ನೊಂದು ಕೋಣೆಯನ್ನು ಮುಟ್ಟದಿದ್ದುದೇ ಇಲ್ಲಿಯ ಅನರ್ಥಕ್ಕೆ ಮುಖ್ಯಕಾರಣವೆಂದು ಹೇಳಬೇಕಾಗಿದೆ.

ಶಾಶ್ವತವಾದ ಹಲ್ಲುಗಳ ಮೇಲ್ಪೊರೆಯು ಸುಮಾರು ಎಂಟನೆಯ ವಯಸ್ಸಿನೊಳ

ಗಾಗಿ ರೂಪುಗೊಳ್ಳುವುದು. ಆ ಕಾಲದಲ್ಲಿ ಕುಡಿದ ನೀರಿನ ದೋಷವು ಹಲ್ಲಿನಲ್ಲಿ ಶಾಸನದಂತೆ ನಿಂತುಬಿಡುವುದು. ಮುಂದೆ ಒಳ್ಳೆಯ ನೀರನ್ನು ಕುಡಿದರೂ ಅಳಿಸುವುದಿಲ್ಲ. ಮೂಳೆಯ ವಿಕಾರವು ಹಲವು ವರ್ಷಗಳ ಸೇವನೆಯಿಂದ ಮೆಲ್ಲಗೆ ಬರುವುದು. ಬಂದ ಮೇಲೆ ಅದಕ್ಕೆ ಚಿಕಿತ್ಸೆಯಿಲ್ಲ. ನಗುವಾಗ ಬಾಯಿಗೆ ಕೈಯನ್ನು ಅಡ್ಡಹಿಡಿಯುವ ಮಕ್ಕಳೂ, ಕುತ್ತಿಗೆಯನ್ನು ತಿರುಗಿಸಲಾರದೆ ಮೈಯನ್ನೇ ತಿರುಗಿಸಿ ನೋಡುವ ಮುದುಕರೂ ಇಂತಹ ಊರುಗಳ ಗುರುತಾಗಿಬಿಡುವರು. ಊರಿನವರು ಇದನ್ನು ವಯೋಧರ್ಮವೆಂದೋ ವಂಶಗುಣವೆಂದೋ ಎಣಿಸುವುದು ಸಹಜ. ಎಲ್ಲರಿಗೂ ಬಂದುದು ರೋಗವೆಂದು ತೋರುವುದಿಲ್ಲ.

೭. ಪರಿಹಾರದ ಪ್ರಯತ್ನಗಳು

ದೋಷವು ಗೊತ್ತಾದ ಮೇಲೆ ಪರಿಹಾರದಲ್ಲಿಯೂ ಒಂಟಿಶಾಸ್ತ್ರದ ಕಷ್ಟವು ಮರುಕಳಿಸಿತು. ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನ ಸಂಸ್ಥೆಯವರು ೧೯೭೦ರ ದಶಕದಲ್ಲಿ ಪಟಿಕ ಮತ್ತು ಸುಣ್ಣಗಳನ್ನು ನೀರಿಗೆ ಬೆರಸಿ ಫ್ಲೋರೈಡನ್ನು ಇಳಿಸುವ ನಲ್ಗೊಂಡ ವಿಧಾನವನ್ನು ರೂಪಿಸಿದರು. ವಿಧಾನವು ಅಗ್ಗವಾದುದು. ಆದರೆ ಪ್ರತಿದಿನವೂ ಪ್ರಮಾಣವರಿತು ಬೆರಸುವವರು ಬೇಕು. ಕೆಳಗಿಳಿದ ಕೆಸರನ್ನು ತಕ್ಕ ಸ್ಥಳದಲ್ಲಿ ಚೆಲ್ಲಬೇಕು. ಆ ವೃತ್ತಿಗೆ ಬಿತ್ತುವಟ್ಟವನ್ನು ಬಿಡುವವರು ಯಾರು? ಕರ್ಣಾಟಕದಲ್ಲಿ ಇತ್ತೀಚೆಗೆ ಊರೂರಿಗೂ ಬಂದಿರುವ ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿಯೂ ಇದೇ ಪ್ರಶ್ನೆಯಿದೆ. ಯಂತ್ರವು ಫ್ಲೋರೈಡನ್ನು ತೆಗೆಯುವುದು ನಿಜ. ಅದರೊಡನೆ ಸುಣ್ಣದ ಅಂಶವನ್ನೂ ತೆಗೆಯುವುದು. ಶೇಷವಾಗಿ ಉಳಿದ ನೀರಿನಲ್ಲಿ ದೋಷವು ಇಮ್ಮಡಿಯಾಗಿ ನಿಲ್ಲುವುದು. ಪೊರೆಯನ್ನು ಕಾಲಕಾಲಕ್ಕೆ ಬದಲಾಯಿಸದಿದ್ದರೆ ಘಟಕವು ಹೆಸರಿಗೆ ಮಾತ್ರ ಶುದ್ಧವಾಗಿರುವುದು.

ಆಹಾರಶಾಸ್ತ್ರದ ಪಾತ್ರವೂ ಇಲ್ಲಿ ಅಲ್ಪವಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವಿದ್ವಾಂಸರು ೧೯೭೩ರಲ್ಲಿ ಫ್ಲೋರೋಸಿಸಿನ ಸೀಮೆಯಲ್ಲಿ ಮೊಣಕಾಲುಗಳು ಒಳಕ್ಕೆ ಬಾಗಿದ ತರುಣರನ್ನು ಕಂಡು ವರದಿಮಾಡಿದ ಮೇಲೆ, ನೀರಿನೊಡನೆ ಅನ್ನದ ವಿಚಾರವೂ ಈ ರೋಗದಲ್ಲಿ ಸೇರಿತು. ಸುಣ್ಣದ ಅಂಶವು ಕಡಮೆಯಿರುವ ಆಹಾರದಲ್ಲಿ ದೋಷವು ಹೆಚ್ಚು ಬಾಧಿಸುವುದು. ರಾಗಿಯನ್ನು ಉಣ್ಣುವ, ಹಾಲಿನ ಸಹಕಾರ ಸಂಘಗಳಿಗೆ ಹೆಸರಾದ ಈ ಸೀಮೆಗೆ ಇದು ಆಶಾದಾಯಕವಾದ ವಿಚಾರ. ಶಾಲೆಯ ಮಕ್ಕಳಿಗೆ ೨೦೧೩ರಿಂದ ಹಾಲನ್ನು ಕೊಡುತ್ತಿರುವ ಕ್ಷೀರಭಾಗ್ಯ ಯೋಜನೆಯು ಫ್ಲೋರೋಸಿಸನ್ನು ಉದ್ದೇಶಿಸಿ ಹುಟ್ಟಿದುದಲ್ಲ. ಆದರೂ ಎಂಟು ವರ್ಷದೊಳಗಿನ ಮಗುವಿಗೆ ಹಾಲೂ ಬಿಸಿಯೂಟವನ್ನು ಬೇಯಿಸಲು ಒಳ್ಳೆಯ ನೀರೂ ಒಂದೇ ಶಾಲೆಯಲ್ಲಿ ದೊರೆತರೆ ಎರಡು ಇಲಾಖೆಗಳ ಕೆಲಸವು ಒಂದೇ ಹಲ್ಲಿನಲ್ಲಿ ಫಲಿಸುವುದು. ೨೦೦೮-೦೯ರಲ್ಲಿ ಆರಂಭವಾದ ರಾಷ್ಟ್ರೀಯ ಫ್ಲೋರೋಸಿಸ್ ನಿಯಂತ್ರಣ ಕಾರ್ಯಕ್ರಮವು ಆರೋಗ್ಯ ಇಲಾಖೆಗೂ ನೀರು ಸರಬರಾಜಿನ ಇಲಾಖೆಗೂ ನಡುವೆ ಸೇತುವೆಯನ್ನು ಕಟ್ಟುವ ಯತ್ನ. ಮನೆಯ ಛಾವಣಿಯ ಮಳೆನೀರನ್ನು ತೊಟ್ಟಿಯಲ್ಲಿ ಹಿಡಿದಿಡುವ ಕ್ರಮವು ಎಲ್ಲಕ್ಕಿಂತ ಸರಳವಾದುದು. ಮಳೆಯ ನೀರಿಗೆ ಬಂಡೆಯ ಸಂಪರ್ಕವೇ ಇಲ್ಲವಷ್ಟೆ.

ಶಿಡ್ಲಘಟ್ಟದ ರೇಷ್ಮೆಯ ವೃತ್ತಿಯು ಈ ವಿಷಯದಲ್ಲಿ ಒಂದು ಉಪಮಾನವನ್ನೂ ಒಂದು ಎಚ್ಚರಿಕೆಯನ್ನೂ ಒದಗಿಸುತ್ತದೆ. ಫ್ರಾನ್ಸಿನಲ್ಲಿ ರೇಷ್ಮೆಹುಳುವಿನ ಗಂಟುರೋಗವು ಕೈಗಾರಿಕೆಯನ್ನೇ ನೆಲಕ್ಕಿಳಿಸಿದಾಗ ೧೮೬೫ರಲ್ಲಿ ಅದರ ಪರಿಶೋಧನೆಗೆ ಹೋದ ಲೂಯಿ ಪಾಶ್ಚರನು ರಸಾಯನಶಾಸ್ತ್ರಜ್ಞನು. ರೇಷ್ಮೆಹುಳುವಿನ ಪರಿಚಯವೇ ಅವನಿಗಿರಲಿಲ್ಲ. ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ರೋಗವಿಲ್ಲದ ಮೊಟ್ಟೆಗಳನ್ನು ಮಾತ್ರ ಸಾಕುವ ಕ್ರಮವನ್ನು ಅವನು ಬಳಕೆಗೆ ತಂದನು. ಶಿಡ್ಲಘಟ್ಟದ ಮಾರುಕಟ್ಟೆಗೆ ಬರುವ ಗೂಡು ಇಂದಿಗೂ ಆ ಪರೀಕ್ಷೆಗೆ ಋಣಿಯಾಗಿದೆ. ಹುಳುವಿನ ಆರೋಗ್ಯಕ್ಕೆ ದೊರೆತ ಈ ಲಕ್ಷ್ಯವು ನೂಲು ಬಿಚ್ಚುವವರ ಆರೋಗ್ಯಕ್ಕೆ ಅಷ್ಟಾಗಿ ದೊರೆತಿಲ್ಲ. ಕುದಿಯುವ ಗೂಡಿನ ತೊಟ್ಟಿಯ ಮುಂದೆ ದಿನವೆಲ್ಲ ಕುಳಿತವರ ಕೈಗಳು ಬೊಬ್ಬೆಯೇಳುವುದು, ಆವಿಯಿಂದಲೂ ಹುಳುವಿನ ಅಂಶದಿಂದಲೂ ಉಬ್ಬಸ ಬರುವುದು, ಇವು ವೈದ್ಯನೊಬ್ಬನ ಔಷಧದಿಂದ ನಿಲ್ಲುವ ರೋಗಗಳಲ್ಲ. ಒಲೆಯನ್ನು ಕಟ್ಟುವವನೂ, ಗಾಳಿಗೆ ಕಿಟಕಿಯನ್ನಿಡುವವನೂ, ನೂಲಿನ ಬೆಲೆಯನ್ನು ಬಲ್ಲವನೂ ಕೂಡಿದಲ್ಲಿ ಮಾತ್ರ ಇವಕ್ಕೆ ಪರಿಹಾರವುಂಟು.

೮. ಹೊಸ ನೀರು, ಹಳೆಯ ಪ್ರಶ್ನೆ

ಈ ಸೀಮೆಯ ನೀರಿನ ಚರಿತ್ರೆಯಲ್ಲಿ ಮೂರನೆಯ ಅಧ್ಯಾಯವು ಈಗ ನಡೆಯುತ್ತಿದೆ. ಬೆಂಗಳೂರಿನ ಮಲಿನಜಲವನ್ನು ಎರಡು ಹಂತಗಳಲ್ಲಿ ಶುದ್ಧಿಮಾಡಿ, ಬತ್ತಿದ ಕೆರೆಗಳಿಗೆ ತುಂಬಿ, ಅಂತರ್ಜಲವನ್ನು ಏರಿಸುವುದು ಈ ಯೋಜನೆಗಳ ಉದ್ದೇಶ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರು ೨೦೧೮ರಲ್ಲಿ ಕೋಲಾರದ ಕಡೆಗೆ ಹರಿಯಿತು. ಹೆಬ್ಬಾಳ–ನಾಗವಾರ ಕಣಿವೆಯ ನೀರು ೨೦೨೦ರ ಸುಮಾರಿಗೆ ಚಿಕ್ಕಬಳ್ಳಾಪುರದ ಕೆರೆಗಳನ್ನು ಮುಟ್ಟಿತು. ಹಲವು ವರ್ಷಗಳಿಂದ ಬರಿದಾಗಿದ್ದ ಕೆರೆಗಳಲ್ಲಿ ನೀರು ನಿಂತಿತು. ಸುತ್ತಣ ಬಾವಿಗಳಲ್ಲಿ ನೀರಿನ ಮಟ್ಟವು ಏರಿತೆಂದು ರೈತರು ಸಂತೋಷಪಟ್ಟರು. ೨೦೧೮ರಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆಯು ಕಂಡಾಗ ವಿವಾದವು ನ್ಯಾಯಾಲಯದವರೆಗೆ ಹೋಯಿತು. ಮೂರನೆಯ ಹಂತದ ಶುದ್ಧಿಯೂ ಆಗಬೇಕೆಂಬ ಬೇಡಿಕೆಯು ಜಿಲ್ಲೆಯ ಜನರಿಂದ ಬಂದಿದೆ.

ಎರಡು ಪಕ್ಷಗಳಲ್ಲಿಯೂ ಯುಕ್ತಿಯುಂಟು. ನೀರಿಲ್ಲದ ಸೀಮೆಗೆ ನೀರು ಬಂದುದು ಪುರುಷಾರ್ಥವೇ ಸರಿ. ಹೊಸ ನೀರು ಇಂಗಿ ಅಂತರ್ಜಲದ ಫ್ಲೋರೈಡನ್ನು ತೆಳುಗೊಳಿಸುವುದೂ ಸಂಭವ. ಆದರೆ ನಗರದ ನೀರಿನಲ್ಲಿ ಬರಬಹುದಾದ ಲೋಹಗಳು, ಔಷಧಗಳ ಶೇಷ, ರೋಗಾಣುಗಳು ಇವು ಬಂಡೆಯ ಬಿರುಕುಗಳಲ್ಲಿ ಎಲ್ಲಿಗೆ ಹೋಗುವುವು, ತರಕಾರಿಯಲ್ಲಿ ಎಷ್ಟು ಸೇರುವುವು, ಕುಡಿಯುವ ಬಾವಿಯನ್ನು ಎಂದು ಮುಟ್ಟುವುವು ಎಂಬ ಪ್ರಶ್ನೆಗಳಿಗೆ ನೀರೆತ್ತುವ ಎಂಜಿನಿಯರನೊಬ್ಬನೇ ಉತ್ತರ ಕೊಡಲಾರನು. ಕೊಳವೆಬಾವಿಯ ಕಾಲದಲ್ಲಿ ಯಾವ ಪ್ರಶ್ನೆಗಳನ್ನು ಕೇಳದೆ ಬಿಟ್ಟರೋ ಅದೇ ಜಾತಿಯ ಪ್ರಶ್ನೆಗಳಿವು.

೯. ಉಪಸಂಹಾರ

ಮೇಲಣ ವಿಚಾರದಿಂದ ಮೂರು ಸಂಗತಿಗಳು ಸಿದ್ಧವಾಗುತ್ತವೆ. ಮೊದಲನೆಯದು, ಶಾಸ್ತ್ರಗಳ ಸಮಾಗಮವು ಕಾರ್ಯಾರಂಭದಲ್ಲಿಯೇ ಆಗಬೇಕು. ಕ್ಷಯರೋಗದ ವಿಷಯದಲ್ಲಿ ಸಮಾಜಶಾಸ್ತ್ರಜ್ಞನು ಮೊದಲೇ ಬಂದನು. ಕೊಳವೆಬಾವಿಯ ವಿಷಯದಲ್ಲಿ ರಸಾಯನಶಾಸ್ತ್ರಜ್ಞನು ಮಕ್ಕಳ ಹಲ್ಲು ಕಲೆಯಾದ ಮೇಲೆ ಬಂದನು. ಎರಡನೆಯದು, ಕಟ್ಟುವುದರೊಡನೆ ಕಾಪಾಡುವುದಕ್ಕೂ ವೃತ್ತಿಯನ್ನು ಏರ್ಪಡಿಸಬೇಕು. ಕೆರೆಯನ್ನು ಕಾಯುವವನಿಗೆ ಗದ್ದೆಯನ್ನು ಬಿಟ್ಟ ಶಾಸನಗಳ ನಾಡಿನಲ್ಲಿ, ನೀರಿನ ಘಟಕವನ್ನು ನೋಡಿಕೊಳ್ಳುವವನಿಗೆ ಗೊತ್ತಾದ ಸಂಬಳವೂ ಶಿಕ್ಷಣವೂ ಇರಬೇಕೆಂಬುದು ಹೊಸ ಮಾತಲ್ಲ. ಮೂರನೆಯದು, ರೋಗಿಯನ್ನೂ ಅವನ ಊರನ್ನೂ ಚಿಕಿತ್ಸೆಯ ಪಾದವಾಗಿ ಎಣಿಸಬೇಕು. ಶಾಲೆಯ ಉಪಾಧ್ಯಾಯನು ವರ್ಷಕ್ಕೊಮ್ಮೆ ಮಕ್ಕಳ ಹಲ್ಲುಗಳನ್ನು ನೋಡಿ ಬರೆದಿಟ್ಟರೆ, ಆ ಪಟ್ಟಿಯು ಯಾವ ಪ್ರಯೋಗಶಾಲೆಯ ವರದಿಗೂ ಕಡಮೆಯಿಲ್ಲದ ಸಾಕ್ಷ್ಯವಾಗುವುದು.

ಬಹುಶ್ರುತತ್ವವೆಂದರೆ ಒಬ್ಬನೇ ಎಲ್ಲವನ್ನೂ ಓದುವುದೆಂದು ಹಿಂದೆ ಕೆಲವರು ಅರ್ಥಮಾಡಿದುದುಂಟು. ಈ ನಾಲ್ಕು ತಾಲ್ಲೂಕುಗಳ ಚರಿತ್ರೆಯನ್ನು ನೋಡಿದರೆ, ತನಗೆ ತಿಳಿಯದುದನ್ನು ತಿಳಿದವನಲ್ಲಿಗೆ ಹೋಗಿ ಕೇಳುವ ವಿನಯವೇ ಅದರ ಮುಖ್ಯಾರ್ಥವೆಂದು ತೋರುತ್ತದೆ. ಕೆರೆಗಳಿಗೆ ಬಂದಿರುವ ಹೊಸ ನೀರಿನ ವಿಷಯದಲ್ಲಿ ಆ ವಿನಯವು ಇತ್ತೋ ಇಲ್ಲವೋ ಎಂಬುದನ್ನು ತಿಳಿಯುವುದಕ್ಕೆ ಬಹುಕಾಲ ಬೇಕಾಗಿಲ್ಲ. ನೀರಿನಲ್ಲಿ ಫ್ಲೋರೈಡ್ ಇಳಿಯಿತೋ ಇಲ್ಲವೋ ಎಂಬುದನ್ನು ಇಂದು ಚಿಂತಾಮಣಿಯಲ್ಲಿಯೋ ಗೌರಿಬಿದನೂರಿನಲ್ಲಿಯೋ ಹುಟ್ಟಿದ ಮಗುವಿನ ಹಲ್ಲುಗಳು ಎಂಟು ಹತ್ತು ವರ್ಷಗಳಲ್ಲಿ ಹೇಳುವುವು. ಉಳಿದುದನ್ನು ಹೇಳುವುದಕ್ಕೆ ಹಲ್ಲಿನಂತಹ ಸುಲಭವಾದ ಸಾಕ್ಷಿಯಿಲ್ಲ, ಅದಕ್ಕಾಗಿ ಬಾವಿಯ ನೀರನ್ನು ಈಗಿನಿಂದಲೇ ಪರೀಕ್ಷಿಸುತ್ತಿರಬೇಕು.